ಇಮೇಲ್ ಸುದ್ದಿಪತ್ರವನ್ನು ವಾಟ್ಸ್ಆ್ಯಪ್ ಚಾನೆಲ್‌ಗೆ ಸಾಗಿಸಬೇಕೆ? ಅನುಭವ ಇರುವವರು ಹೇಳಿ

ಮಾದಾಪುರದ ಮಳೆಲೆಕ್ಕ · ಶುಕ್ರವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಕೊಡಗಿನ ಕಾಫಿ ಬೆಳೆಗಾರರಿಗಾಗಿ 2014ರಿಂದ ಹದಿನೈದು ದಿನಕ್ಕೊಮ್ಮೆ ಒಂದು ಸುದ್ದಿಪತ್ರವನ್ನು ಇಮೇಲ್‌ನಲ್ಲಿ ಕಳುಹಿಸುತ್ತಾ ಬಂದಿದ್ದೇನೆ. ಚಂದಾ ಹಣವಿಲ್ಲ, ಜಾಹೀರಾತೂ ಇಲ್ಲ. ಗರ್ವಾಲೆ, ಹಟ್ಟಿಹೊಳೆ, ಮಕ್ಕಂದೂರು, ಸುಂಟಿಕೊಪ್ಪ ಕಡೆಯ ಹನ್ನೊಂದು ತೋಟಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಅಳೆದ ಮಳೆ, ಇಂಚು ಮತ್ತು ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ. ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ), ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ), ಕಾಳುಮೆಣಸಿನ ದರ. ಕೊಳೆರೋಗವೋ ಕಾಂಡಕೊರಕವೋ ಆ ಹೊತ್ತಿಗೆ ಕಾಡುತ್ತಿರುವುದರ ಬಗ್ಗೆ ಒಂದು ಪುಟ. ಕೊನೆಯಲ್ಲಿ ಯಾರಾದರೂ ಹಿರಿಯರು ಹೇಳಿದ ತೋಟದ ಹಳೆಯ ಸಂಗತಿ. ಇಷ್ಟೇ ಅದರ ಹೂರಣ. ಈಗ 1,140 ವಿಳಾಸಗಳಿವೆ.

ಕಳೆದ ವಾರ ಸಂತೆಯಲ್ಲಿ ಹಳೆಯ ಓದುಗರೊಬ್ಬರು ಸಿಕ್ಕಿ, “ಯಾಕೆ ನಿಲ್ಲಿಸಿಬಿಟ್ಟಿರಿ? ಹೂಮಳೆಯ ಲೆಕ್ಕ ಬಂದದ್ದೇ ಕೊನೆ” ಎಂದರು. ಹೂಮಳೆ ಎಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ. ನಾನು ಒಂದು ಸಂಚಿಕೆಯನ್ನೂ ತಪ್ಪಿಸಿಲ್ಲ. ಕೊಡೆಯ ಕೆಳಗೆ ನಿಂತು ಅವರ ಮೊಬೈಲ್ ತೆರೆಸಿದೆ. ಒದ್ದೆ ಕೈಗೆ ಪರದೆ ಸ್ಪಂದಿಸದೆ ಎರಡು ಸಲ ಟವಲಿನಿಂದ ಒರೆಸಿಕೊಂಡರು. ಪ್ರಚಾರದ ಸಂದೇಶಗಳೆಲ್ಲ ಹೋಗಿ ಬೀಳುವ ವಿಭಾಗದಲ್ಲಿ, ಸೀರೆ ರಿಯಾಯಿತಿ ಮತ್ತು ಸಾಲದ ಆಹ್ವಾನಗಳ ನಡುವೆ, ನನ್ನ ಏಳು ಪತ್ರಗಳು ದಪ್ಪ ಅಕ್ಷರದಲ್ಲಿ, ತೆರೆಯದೆ ಕುಳಿತಿದ್ದವು. ಅವರಿಗೆ ಆ ವಿಭಾಗ ಇರುವುದೇ ಗೊತ್ತಿರಲಿಲ್ಲ. ಅಂದಿನಿಂದ ನನಗೆ ನೆಮ್ಮದಿಯಿಲ್ಲ.

ಮನೆಯಲ್ಲಿ ಮಗಳು ವಾಟ್ಸ್ಆ್ಯಪ್ ಚಾನೆಲ್ ಮಾಡಿ ಎನ್ನುತ್ತಾಳೆ, ಅಂದರೆ ಒಬ್ಬರು ಹಾಕಿದ್ದನ್ನು ಬೇಕಾದವರೆಲ್ಲ ಹಿಂಬಾಲಿಸಿ ಓದುವ ಏರ್ಪಾಡು. ಕೆಲವರು ಟೆಲಿಗ್ರಾಂ ಎನ್ನುತ್ತಾರೆ, ಇನ್ನು ಕೆಲವರು ಸ್ವಂತ ಆ್ಯಪ್ ಎನ್ನುತ್ತಾರೆ. ಇಮೇಲ್ ಬಿಟ್ಟು ಹೋದವರು, ಹೋಗಿ ಮರಳಿದವರು ದಯವಿಟ್ಟು ಹೇಳಿ. ಹನ್ನೊಂದು ತೋಟದವರು ಮಳೆಯಲ್ಲಿ ನೆನೆದು ಅಳತೆ ತೆಗೆದು ಕಳುಹಿಸುತ್ತಾರೆ. ಅದು ಯಾರ ಕಣ್ಣಿಗೂ ಬೀಳದೆ ಹೋಗುವುದನ್ನು ನಾನು ಸಹಿಸಲಾರೆ.

ಕುಶಾಲನಗರದ ತಂತಿ · ಶುಕ್ರವಾರ, ರಾತ್ರಿ 10.25

ಮಳೆಲೆಕ್ಕ ಅವರೇ, ಮನೆ ಬದಲಿಸುವ ಮೊದಲು ಸೂರು ಎಲ್ಲಿ ಸೋರುತ್ತಿದೆ ಎಂದು ನೋಡೋಣ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಸರ್ವರ್ ಕೆಲಸ ಮಾಡುವವನು. ಇದು ದಿನವೂ ನೋಡುವ ತೊಂದರೆ.

ಮೊದಲ ಪ್ರಶ್ನೆ: ಕಳುಹಿಸುವವರ ವಿಳಾಸವಾಗಿ ನಿಮ್ಮ ಜಿಮೇಲ್ ವಿಳಾಸವನ್ನೇ ಇಟ್ಟು, ಬೇರೊಂದು ಸಗಟು ಇಮೇಲ್ ಸೇವೆಯ ಮೂಲಕ ಕಳುಹಿಸುತ್ತಿದ್ದೀರಾ? ಹಾಗಿದ್ದರೆ ದೊಡ್ಡ ತೂತು ಅಲ್ಲೇ ಇದೆ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿ 1982ರದು. ಕಳುಹಿಸಿದವರು ನಿಜವಾಗಿ ಅವರೇ ಹೌದೇ ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಇನ್‌ಲ್ಯಾಂಡ್ ಪತ್ರದ ಹಿಂಬದಿಯಲ್ಲಿ ಯಾರು ಯಾರ ವಿಳಾಸವನ್ನು ಬೇಕಾದರೂ ಬರೆಯಬಹುದಿತ್ತಲ್ಲ, ಹಾಗೆ. ಆಮೇಲೆ ಮೂರು ಕಾವಲುಗಳು ಬಂದವು. ನಿಮ್ಮ ಡೊಮೇನಿನ (ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರು) ಹೆಸರಿನಲ್ಲಿ ಯಾವ ಸರ್ವರ್‌ಗಳು ಪತ್ರ ಕಳುಹಿಸಬಹುದು ಎಂಬ ಪಟ್ಟಿ ಎಸ್‌ಪಿಎಫ್. ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂಬುದಕ್ಕೆ ಹಾಕುವ ಮೊಹರು ಡಿಕಿಮ್. ಈ ಎರಡೂ ಹೊಂದದಿದ್ದರೆ ಪತ್ರವನ್ನು ಏನು ಮಾಡಬೇಕು ಎಂಬ ಸೂಚನೆ ಡಿಮಾರ್ಕ್.

ಗೂಗಲ್ ಮತ್ತು ಯಾಹೂ 2023ರ ಅಕ್ಟೋಬರ್‌ನಲ್ಲಿ ಘೋಷಿಸಿ 2024ರ ಫೆಬ್ರವರಿಯಿಂದ ಇದನ್ನು ಬಿಗಿಗೊಳಿಸಿದವು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರಿಗೆ ಮೂರೂ ಕಡ್ಡಾಯ. ಒಂದೇ ಒತ್ತಿಗೆ ಚಂದಾ ನಿಲ್ಲಿಸುವ ಗುಂಡಿಯೂ ಬೇಕು. ನೀವು ಆ ಲೆಕ್ಕಕ್ಕೆ ಬರುವುದಿಲ್ಲ, ನಿಜ. ಆದರೆ ಎಸ್‌ಪಿಎಫ್ ಅಥವಾ ಡಿಕಿಮ್ ಸಣ್ಣವರಿಗೂ ಬೇಕು. ಸ್ಪ್ಯಾಮ್ ಎಂದು ದೂರುವವರ ಪ್ರಮಾಣ ಶೇ 0.3 ತಲುಪಬಾರದು ಎನ್ನುವ ಮಿತಿಯನ್ನೂ ನೆನಪಿಡಿ. ಸಾವಿರಕ್ಕೆ ಮೂರು ಜನ! ಬೇಸರದಿಂದ ನಾಲ್ಕು ಬೆರಳು ಒತ್ತಿದರೆ ಸಾಕು, ಮಿಕ್ಕವರೆಲ್ಲರ ಪತ್ರಕ್ಕೂ ಕಳಂಕ ಹತ್ತುತ್ತದೆ.

ಇಂಗ್ಲಿಷಿನವರಿಗಿಂತ ಕನ್ನಡದವರಿಗೆ ಹೆಚ್ಚು ಕಾಡುವ ಇನ್ನೊಂದು ಸಂಗತಿಯಿದೆ. 102 ಕೆಬಿ ದಾಟಿದ ಪತ್ರವನ್ನು ಜಿಮೇಲ್ ಮಧ್ಯದಲ್ಲೇ ಕತ್ತರಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಮಳೆ’ ಎಂಬ ಎರಡಕ್ಷರದಲ್ಲಿ ಮ, ಳ, ಎತ್ವ ಎಂದು ಮೂರು ಸಂಕೇತ. ಒಟ್ಟು 9 ಬೈಟ್. ಅದರ ಮೇಲೆ ಬಣ್ಣದ ಚೌಕಟ್ಟು, ಕೋಷ್ಟಕಗಳ ಕೋಡ್ ಕೂಡ ಸೇರಿದರೆ ಮಿತಿ ಬೇಗ ತುಂಬುತ್ತದೆ. ಕತ್ತರಿಸಿಹೋಗುವುದು ಪತ್ರದ ಬಾಲ. ಚಂದಾ ನಿಲ್ಲಿಸುವ ಕೊಂಡಿ ಇರುವುದೂ ಆ ಬಾಲದಲ್ಲೇ. ಅದು ಕಾಣದವರು ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಒಂದು ತೊಂದರೆ ಇನ್ನೊಂದನ್ನು ಹೀಗೆ ಹೆರುತ್ತದೆ.

ನಿಮ್ಮ ಮೇಲ್ ಸೇವೆ ತೋರಿಸುವ ‘ತೆರೆದವರ ಸಂಖ್ಯೆ’ಯನ್ನು ನಂಬಬೇಡಿ. ಪತ್ರದೊಳಗಿನ ಚಿತ್ರ ಇಳಿದರೆ ಓದುಗ ತೆರೆದನೆಂದು ಅದು ಎಣಿಸುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ತಂದ ಗೋಪ್ಯತೆಯ ಏರ್ಪಾಡು, ಓದುಗ ಪತ್ರವನ್ನು ಮುಟ್ಟದಿದ್ದರೂ ಒಳಗಿನ ಚಿತ್ರಗಳನ್ನು ಮೊದಲೇ ತರಿಸಿಕೊಳ್ಳುತ್ತದೆ. ಓದದವರೂ ಓದಿದವರ ಲೆಕ್ಕಕ್ಕೆ ಸೇರುತ್ತಾರೆ.

ಸ್ವಂತ ಡೊಮೇನ್ ತೆಗೆದುಕೊಳ್ಳಿ. ಮೂರು ದಾಖಲೆಗಳನ್ನು ನಾನೇ ಕೂತು ಹಾಕಿಕೊಡುತ್ತೇನೆ.

ಶನಿವಾರಸಂತೆಯ ಶುಂಠಿ · ಶನಿವಾರ, ಬೆಳಿಗ್ಗೆ 6.40

ತಂತಿ ಸರ್ ಹೇಳಿದ್ದು ಸರಿಯಿರಬಹುದು. ಆದರೆ ಇಮೇಲ್ ಇಟ್ಟುಕೊಂಡವರ ಬಗ್ಗೆ ಮಾತ್ರ ಮಾತಾಡುತ್ತಿದ್ದೇವೆ. ಇಲ್ಲದವರನ್ನು ಯಾರು ನೋಡುತ್ತಾರೆ?

ನಮ್ಮ ಹೋಬಳಿಯಲ್ಲಿ ಶುಂಠಿ, ಹಸಿಮೆಣಸು ಬೆಳೆಯುವವರಲ್ಲಿ ಮೊಬೈಲ್ ಇಲ್ಲದವರು ಕಡಿಮೆ. ಎಲ್ಲರ ಮೊಬೈಲಿನಲ್ಲೂ ಒಂದು ಇಮೇಲ್ ವಿಳಾಸವೂ ಇದೆ. ಆದರೆ ಅದನ್ನು ಮಾಡಿಕೊಟ್ಟವನು ಮೊಬೈಲ್ ಅಂಗಡಿಯ ಹುಡುಗ. ಫೋನ್ ಚಾಲು ಮಾಡಲು ಏನೋ ಒಂದು ಹೆಸರು, ಅದರ ಮುಂದೆ ನಾಲ್ಕು ಅಂಕಿ. ಗುಪ್ತಪದ ಹುಡುಗನಿಗೂ ನೆನಪಿಲ್ಲ, ಮಾಲೀಕನಿಗೂ ಗೊತ್ತಿಲ್ಲ. ಮುಂದಿನ ಫೋನಿಗೆ ಹೊಸ ವಿಳಾಸ. ನಾನು ಮೊದಲು ಇಮೇಲ್‌ನಲ್ಲಿ ದರಪಟ್ಟಿ ಕಳುಹಿಸಿದಾಗ ಸಂಗ್ರಹಿಸಿದ ವಿಳಾಸಗಳಲ್ಲಿ ಅರ್ಧಕ್ಕರ್ಧ ಇಂಥವು.

ಚಾನೆಲ್ ಭಾರತಕ್ಕೆ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಆ ದೀಪಾವಳಿಗೆ ನಾನು ಆರಂಭಿಸಿದೆ. ಇಂದು 2,300 ಜನ ಹಿಂಬಾಲಿಸುತ್ತಿದ್ದಾರೆ. ನನ್ನ ಸಂಖ್ಯೆ ಅವರಿಗೆ ಕಾಣುವುದಿಲ್ಲ, ಅವರ ಸಂಖ್ಯೆ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ. ಹೆಣ್ಣುಮಕ್ಕಳು ಧೈರ್ಯವಾಗಿ ಸೇರಲು ಇದೇ ಕಾರಣ. ಗುಂಪಿನಲ್ಲಿದ್ದಾಗ ಅಪರಿಚಿತರ ಕರೆ ಬರುತ್ತಿತ್ತು ಎಂದು ಎಷ್ಟೋ ಜನ ಹೇಳಿದ್ದಾರೆ. ಗುಂಪಿಗೆ 1,024ರ ಮಿತಿ ಬೇರೆ. ದರ ಬೆಳಿಗ್ಗೆ ಏಳಕ್ಕೆ ಹಾಕಿದರೆ ಎಂಟಕ್ಕೆ ಗದ್ದೆಯ ಬದಿಯಲ್ಲಿ ಮಾತಾಗಿರುತ್ತದೆ. ಇಮೇಲ್‌ನಲ್ಲಿ ನನಗೆ ಅದು ಒಮ್ಮೆಯೂ ಆಗಲಿಲ್ಲ.

ಮಳೆಲೆಕ್ಕ ಅಣ್ಣಾ, ನಿಮ್ಮ 1,140 ಜನ 2014ರ ಹೊತ್ತಿಗೆ ಕಂಪ್ಯೂಟರ್ ಇದ್ದ ಮನೆಯವರು. ಅವರ ತೋಟದ ಲೆಕ್ಕ ಬರೆಯುವ ರೈಟರ್‌ಗಳು, ಎರಡು ಎಕರೆಯ ಸಣ್ಣ ಬೆಳೆಗಾರರು ನಿಮ್ಮ ಪಟ್ಟಿಯಲ್ಲಿ ಎಷ್ಟು ಜನ ಇದ್ದಾರೆ ಎಂದು ಒಮ್ಮೆ ನೋಡಿ.

ಮಾದಾಪುರದ ಮಳೆಲೆಕ್ಕ · ಶನಿವಾರ, ಬೆಳಿಗ್ಗೆ 8.30

ನೋಡಿದೆ. ಮಳೆ ಅಳೆದು ಕೊಡುವ ಹನ್ನೊಂದು ಜನರಲ್ಲಿ ಐವರು ರೈಟರ್‌ಗಳು. ಐವರೂ ನನ್ನ ಪಟ್ಟಿಯಲ್ಲಿಲ್ಲ. ಅವರು ಕೊಟ್ಟ ಲೆಕ್ಕ ಅವರಿಗೇ ತಲುಪುತ್ತಿಲ್ಲ. ಹನ್ನೊಂದು ವರ್ಷದಲ್ಲಿ ನನಗಿದು ಹೊಳೆಯಲೇ ಇಲ್ಲ.

ಭಾಗಮಂಡಲದ ಜೇನು · ಶನಿವಾರ, ಮಧ್ಯಾಹ್ನ 1.15

ಚಾನೆಲ್ ಮಾಡುವವರು ಒಂದು ಮಾತು ಕೇಳಿ. ದಯವಿಟ್ಟು ಕೊಂಡಿ ಕಳುಹಿಸಬೇಡಿ, ವಿಷಯ ಕಳುಹಿಸಿ.

ನಮ್ಮಲ್ಲಿ ಜೂನ್ ಅರ್ಧದಿಂದ ಆಗಸ್ಟ್ ಕೊನೆಯವರೆಗೆ ಕರೆಂಟ್ ಯಾವಾಗ ಇರುತ್ತದೆ ಎಂದು ಕೇಳಬಾರದು. ಲೈನ್ ಮೇಲೆ ಮರ ಬಿದ್ದರೆ ಮೂರು ದಿನ, ನಾಲ್ಕು ದಿನ. ಟವರ್‌ನ ಬ್ಯಾಟರಿ ಇಳಿದ ಮೇಲೆ ಸಿಗ್ನಲ್ಲೂ ಇಲ್ಲ. ಮನೆಯಿಂದ ಸ್ವಲ್ಪ ಮೇಲೆ ಒಂದು ಬಂಡೆಯಿದೆ. ಅಲ್ಲಿ ಬೇರೆ ಕಡೆಯ ಟವರ್‌ನಿಂದ ಒಂದು ಕಡ್ಡಿ ಸಿಗುತ್ತದೆ. ದಿನಕ್ಕೊಮ್ಮೆ ಜಿಗಣೆ ಕಿತ್ತುಕೊಳ್ಳುತ್ತಾ ಅಲ್ಲಿಗೆ ಹತ್ತುತ್ತೇನೆ. ಐದು ನಿಮಿಷ ನಿಂತರೆ ಸಂದೇಶಗಳೆಲ್ಲ ಒಟ್ಟಿಗೆ ಇಳಿಯುತ್ತವೆ. ಮನೆಗೆ ಬಂದು ಚಿಮಣಿ ದೀಪದಲ್ಲಿ ಓದುತ್ತೇನೆ. ಆಗ “ಪೂರ್ತಿ ಓದಲು ಇಲ್ಲಿ ಒತ್ತಿ” ಎಂದಿದ್ದರೆ ನಾನೇನು ಮಾಡಲಿ? ಮತ್ತೆ ಬಂಡೆ ಹತ್ತಬೇಕು.

ಮಳೆಲೆಕ್ಕದವರ ಪತ್ರ ನನಗೆ ಇಷ್ಟವಾಗಿದ್ದೇ ಈ ಕಾರಣಕ್ಕೆ. ಒಮ್ಮೆ ಇಳಿದರೆ ಮುಗಿಯಿತು, ಇಡೀ ಪತ್ರ ನನ್ನ ಕೈಯಲ್ಲಿ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದ ವಾರ ನಮಗೆ ಎಷ್ಟು ತರಹದ ಸುದ್ದಿ ಬಂತು, ಅದರಲ್ಲಿ ಎಷ್ಟು ಸುಳ್ಳು ಎಂದು ಹೇಳತೀರದು. ಹೆಸರಿರುವ ಒಬ್ಬರು ಅಳೆದು ನೋಡಿ ಬರೆದ ನಾಲ್ಕು ಸಾಲಿಗೆ ಆಗ ಇದ್ದ ಬೆಲೆ ನನಗೆ ಗೊತ್ತು.

ಚಿತ್ರದೊಳಗೆ ಅಕ್ಷರ ಕೂರಿಸಿ ಕಳುಹಿಸುವುದನ್ನೂ ಬಿಡಿ. ಒಂದು ಕಡ್ಡಿ ಸಿಗ್ನಲ್‌ನಲ್ಲಿ ಚಿತ್ರ ಬರುವುದಿಲ್ಲ. ಪಠ್ಯ ಬರುತ್ತದೆ.

ವಿರಾಜಪೇಟೆಯ ಹಣತೆ · ಶನಿವಾರ, ಸಂಜೆ 5.50

ನಾನು ತಿಂಗಳಿಗೊಂದು ಸಾಹಿತ್ಯ ಪತ್ರ ತರುತ್ತೇನೆ: ಒಂದು ಕಥೆ, ಒಂದು ಪ್ರಬಂಧ, ಹಳೆಯ ಒಕ್ಕಲು ಮನೆಗಳ ನೆನಪು. ಇಮೇಲ್ ಬಿಟ್ಟು ಹೋಗಿ, ಒಂದು ವರ್ಷದ ನಂತರ ಮರಳಿ ಬಂದವಳು. ಅದಕ್ಕೇ ಬರೆಯುತ್ತಿದ್ದೇನೆ.

ಚಾನೆಲ್‌ನಲ್ಲಿ ಕಥೆ ಹಾಕಿದ ಎರಡನೇ ನಿಮಿಷಕ್ಕೆ ನಲವತ್ತು ಹೃದಯದ ಗುರುತು ಬರುತ್ತಿತ್ತು. ಹದಿನಾಲ್ಕು ನಿಮಿಷದ ಓದು ಅದು. ಮೊದಮೊದಲು ಸಂತೋಷವಾಯಿತು. ನಿಧಾನವಾಗಿ ನನ್ನ ಬರವಣಿಗೆಯೇ ಬದಲಾಯಿತು. ಪ್ಯಾರಾ ಚಿಕ್ಕದಾಯಿತು, ಮೊದಲ ಸಾಲಿನಲ್ಲೇ ಏನಾದರೂ ನಡೆಯಬೇಕಾಯಿತು. ಆರನೇ ತಿಂಗಳಿಗೆ ನಾನು ಬರೆಯುತ್ತಿದ್ದದ್ದು ಕಥೆಯಾಗಿರಲಿಲ್ಲ.

ಅದಕ್ಕಿಂತ ಹೆಚ್ಚಾಗಿ ಕಳೆದುಕೊಂಡದ್ದು ಮಾರೋಲೆ. ಚಾನೆಲ್‌ನಲ್ಲಿ ಓದುಗರು ಗುರುತು ಒತ್ತಬಹುದಿತ್ತು, ನನಗೆ ಪತ್ರ ಬರೆಯಲಾಗುತ್ತಿರಲಿಲ್ಲ. ಇಮೇಲ್‌ನಲ್ಲಿದ್ದಾಗ ಪ್ರತಿ ಸಂಚಿಕೆಗೂ ಐದಾರು ಉತ್ತರ ಬರುತ್ತಿತ್ತು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಕದಿರು ತೆಗೆಯುವುದರ ಬಗ್ಗೆ ಬರೆದಾಗ ಎಂಬತ್ತು ದಾಟಿದ ಒಬ್ಬ ಅಜ್ಜಿ ಮೊಮ್ಮಗನಿಗೆ ಹೇಳಿ ಬರೆಸಿ, ಮೂರು ಪುಟ ಕಳುಹಿಸಿದ್ದರು. ಅವರ ಕಾಲದಲ್ಲಿ ಗದ್ದೆಗೆ ಯಾರು ಮುಂದೆ ನಡೆಯುತ್ತಿದ್ದರು, ಕದಿರನ್ನು ಯಾವ ಎಲೆಗಳಲ್ಲಿ ಸುತ್ತುತ್ತಿದ್ದರು, ಕೋವಿ ಹಾರಿಸಿದ ಸದ್ದಿಗೆ ತಾನು ಹೇಗೆ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ ಎಂದು. ಮುಂದಿನ ಸಂಚಿಕೆ ಅದೇ ಆಯಿತು. ಚಾನೆಲ್‌ನ ಆ ಇಡೀ ವರ್ಷ ಅಂಥದ್ದೊಂದೂ ಬರಲಿಲ್ಲ.

ಮರಳಿ ಬಂದಾಗ ತಿಳಿದದ್ದು ಇನ್ನೊಂದು. 400 ಇಮೇಲ್ ವಿಳಾಸಗಳಿದ್ದ ಹಳೆಯ ಕಡತ ಲ್ಯಾಪ್‌ಟಾಪ್‌ನಲ್ಲಿ ಉಳಿದಿತ್ತು, ಅದರಿಂದ ಮತ್ತೆ ಆರಂಭಿಸಿದೆ. ಚಾನೆಲ್‌ನ 900 ಜನರನ್ನು ಕರೆತರುವ ದಾರಿಯೇ ಇರಲಿಲ್ಲ. ಅವರು ಯಾರು ಎಂದು ನನಗೆ ಗೊತ್ತಿರಲಿಲ್ಲ.

ಸಿದ್ದಾಪುರದ ಕಾವಲು · ಶನಿವಾರ, ರಾತ್ರಿ 8.05

ಶುಂಠಿಯವರ ದರವೂ ಹಣತೆ ಅಕ್ಕನ ಕಥೆಯೂ ಒಂದೇ ವಾಹನದಲ್ಲಿ ಹೋಗಬೇಕು ಎಂದು ಏಕೆ ವಾದಿಸುತ್ತಿದ್ದೇವೆ? ನಮ್ಮ ಕಡೆ ತೋಟದೊಳಗೆ ಆನೆ ಬಂದರೆ ಪತ್ರ ಬರೆಯುವುದಿಲ್ಲ, ಕೂಗು ಹಾಕುತ್ತೇವೆ.

ತಮಿಳುನಾಡಿನ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಚಹಾ ತೋಟಗಳಲ್ಲಿ ಮಾಡಿದ್ದನ್ನು ನೋಡಿ. ಆನೆ ಎಲ್ಲಿದೆ ಎಂದು ಸಂಜೆ ಎಸ್‌ಎಂಎಸ್ ಕಳುಹಿಸಿದರು, ಓದಲು ಬಾರದವರಿಗೆ ತಮಿಳಿನಲ್ಲಿ ಧ್ವನಿ ಕರೆ ಹೋಗುವಂತೆ ಮಾಡಿದರು, ಬಸ್ಸಿನಿಂದ ಇಳಿದು ಕತ್ತಲಲ್ಲಿ ನಡೆಯುವವರಿಗೆ ಕಾಣುವಂತೆ ಕೆಂಪು ದೀಪ ಹಾಕಿದರು. ಒಂದೇ ಸುದ್ದಿ, ಮೂರು ವಾಹನ. ಕೇಳುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಮೊದಲು ನೋಡಿದರು.

ಎಸ್‌ಎಂಎಸ್ ಹಳೆಯದು ಎಂದು ತಳ್ಳಬೇಡಿ, ಇಂಟರ್ನೆಟ್ ಇಲ್ಲದಿದ್ದರೂ ಬರುತ್ತದೆ. ಆದರೆ ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸುವ ಒಂದು ಸಂದೇಶದಲ್ಲಿ ಕನ್ನಡದ 70 ಸಂಕೇತ ಮಾತ್ರ ಹಿಡಿಸುತ್ತದೆ. “ಕರಡಿಗೋಡು ರಸ್ತೆ ಬದಿ 4 ಆನೆ 1 ಮರಿ” ಎಂಬುದಕ್ಕೆ ಧಾರಾಳವಾಯಿತು. ಹನ್ನೊಂದು ತೋಟದ ಮಳೆಗೆ ಸಾಲದು. ಸಗಟಾಗಿ ಕಳುಹಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮಾವಳಿಯ ಪ್ರಕಾರ ನೋಂದಾಯಿಸಿಕೊಳ್ಳಬೇಕು. ಕಳುಹಿಸುವವರ ಹೆಸರು, ಸಂದೇಶದ ಮಾದರಿ ಎರಡಕ್ಕೂ ಮೊದಲೇ ಒಪ್ಪಿಗೆ ಬೇಕು. ಒಂಟಿಯಾಗಿ ಪತ್ರ ನಡೆಸುವವರಿಗೆ ಇದು ಭಾರ. ಬೆಳೆಗಾರರ ಸಂಘವೋ ಪಂಚಾಯಿತಿಯೋ ಹೊರಬೇಕಾದ ಭಾರ.

ಮಸ್ಕತ್‌ನಿಂದ ನಾಪೋಕ್ಲು · ಭಾನುವಾರ, ಬೆಳಿಗ್ಗೆ 11.20

ಹೊರದೇಶದ ಓದುಗನ ಮಾತನ್ನೂ ಸೇರಿಸಿ. ಇಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಶುಕ್ರವಾರದ ರಾತ್ರಿ ಊಟ ಮುಗಿಸಿ ನಾನು ಮೊದಲು ತೆರೆಯುವುದು ಮಾದಾಪುರದ ಪತ್ರವನ್ನು. ಹೊರಗೆ ಧಗೆ, ಒಳಗೆ ಏಸಿ. ಪರದೆಯ ಮೇಲೆ “ಗರ್ವಾಲೆ: 3 ಇಂಚು 40 ಸೆಂಟ್”. ಅದನ್ನು ನನ್ನ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಕಚೇರಿಯ ಗುಂಪು, ಕುಟುಂಬದ ಗುಂಪು, ಶಾಲೆಯ ಗುಂಪು ಸೇರಿ ದಿನಕ್ಕೆ ಮುನ್ನೂರು ಸಂದೇಶ. ಅದರಲ್ಲಿ ಈ ಪತ್ರವನ್ನೂ ಹಾಕಿದರೆ ನನಗೆ ಊರು ಕಾಣಿಸುವುದಿಲ್ಲ.

ನಿವೃತ್ತ ಅಂಚೆ · ಭಾನುವಾರ, ಸಂಜೆ 4.30

ಮೂವತ್ನಾಲ್ಕು ವರ್ಷ ಅಂಚೆ ಇಲಾಖೆಯಲ್ಲಿ ದುಡಿದವನು ನಾನು. ತಂತ್ರಜ್ಞಾನ ಹೆಚ್ಚು ತಿಳಿಯದು. ಆದರೆ ಪತ್ರಿಕೆ ಹಂಚುವುದು ತಿಳಿಯುತ್ತದೆ.

ಸಣ್ಣ ವಾರಪತ್ರಿಕೆಗಳ ಕಟ್ಟು ನಮ್ಮ ಕಚೇರಿಗೆ ಬರುತ್ತಿತ್ತು. ಪ್ರತಿ ಪ್ರತಿಗೂ ಕಂದು ಕಾಗದದ ಪಟ್ಟಿ, ಅದರ ಮೇಲೆ ಚಂದಾ ಸಂಖ್ಯೆ ಮತ್ತು ವಿಳಾಸ. ಮಳೆಗಾಲದಲ್ಲಿ ಅಂಟು ಬಿಟ್ಟು ಪಟ್ಟಿಗಳು ಕಳಚಿಕೊಳ್ಳುತ್ತಿದ್ದವು. ಅವನ್ನು ಒಲೆಯ ಬಳಿ ಒಣಗಿಸಿ, ಯಾವುದು ಯಾವ ಪ್ರತಿಯದೆಂದು ಹೊಂದಿಸಿ ಮತ್ತೆ ಅಂಟಿಸಿದ್ದಿದೆ. ‘ವಿಳಾಸದಾರರು ಊರು ಬಿಟ್ಟಿದ್ದಾರೆ’ ಎಂದು ಬರೆದು ನಾವು ಹಿಂದಿರುಗಿಸಿದ ಪ್ರತಿಗಳನ್ನು ಒಬ್ಬ ಸಂಪಾದಕರು ಎಸೆಯುತ್ತಿರಲಿಲ್ಲ. ಒಂದೊಂದಕ್ಕೂ ಕಾರ್ಡು ಬರೆದು, ಅಕ್ಕಪಕ್ಕದವರನ್ನು ಕೇಳಿ, ಹೊಸ ವಿಳಾಸ ಹುಡುಕಿಸುತ್ತಿದ್ದರು. ಮುದ್ರಣಾಲಯ ಬದಲಾಯಿತು, ಬಸ್ಸು ಬದಲಾಯಿತು, ನಾವೂ ವರ್ಗವಾಗಿ ಹೋದೆವು. ಅವರ ಚಂದಾದಾರರ ಪುಸ್ತಕ ಮಾತ್ರ ಅವರ ಮೇಜಿನ ಖಾನೆಯಲ್ಲೇ ಇತ್ತು.

ಹಣತೆ ಅವರ 900 ಜನರ ಮಾತು ಓದಿದಾಗ ನನಗೆ ಆ ಖಾನೆ ನೆನಪಾಯಿತು. ಚಾನೆಲ್‌ನಲ್ಲಿ ಚಂದಾದಾರರ ಪುಸ್ತಕ ಯಾರ ಖಾನೆಯಲ್ಲಿರುತ್ತದೆ?

ಕುಶಾಲನಗರದ ತಂತಿ · ಭಾನುವಾರ, ರಾತ್ರಿ 9.40

ಅಂಚೆ ಸರ್, ಚಾನೆಲ್ ನಡೆಸುವ ಕಂಪನಿಯ ಖಾನೆಯಲ್ಲಿ. ಇಡೀ ಚರ್ಚೆಯ ತಿರುಳನ್ನೇ ಕೇಳಿದ್ದೀರಿ.

2019ರಲ್ಲಿ ಯುರೋಪಿನ ಎಷ್ಟೋ ಪತ್ರಿಕೆಗಳು ವಾಟ್ಸ್ಆ್ಯಪ್‌ನಲ್ಲೇ ಸುದ್ದಿಪತ್ರ ಕಳುಹಿಸುತ್ತಿದ್ದವು. ಡಿಸೆಂಬರ್ 7ರಿಂದ ಸಗಟು ಸಂದೇಶಗಳಿಗೆ ಅವಕಾಶವಿಲ್ಲ ಎಂದು ಕಂಪನಿ ಹೇಳಿತು. ಅವರೆಲ್ಲ ಓದುಗರನ್ನು ಬೇರೆಡೆಗೆ ಕರೆದುಕೊಂಡು ಹೋಗಬೇಕಾಯಿತು. ನಾಲ್ಕು ವರ್ಷದ ನಂತರ ಅದೇ ಕಂಪನಿ ಚಾನೆಲ್ ತೆರೆದು ಬನ್ನಿ ಎಂದಿತು. ಚಾನೆಲ್‌ನ ಹಳೆಯ ಸಂದೇಶಗಳು ಅವರ ಸರ್ವರ್‌ನಲ್ಲಿ ಉಳಿಯುವುದು 30 ದಿನದವರೆಗೆ ಎಂಬುದನ್ನೂ ಗಮನಿಸಿ. ಟೆಲಿಗ್ರಾಂನಲ್ಲಿ ಚಾನೆಲ್ 2015ರಿಂದ ಇದೆ, ಹಳೆಯದೆಲ್ಲ ಉಳಿಯುತ್ತದೆ, ದೊಡ್ಡ ಕಡತವನ್ನೂ ಹಾಕಬಹುದು. ಓದುಗರ ಪಟ್ಟಿ ಮಾತ್ರ ಅಲ್ಲೂ ನಿಮ್ಮ ಕೈಗೆ ಸಿಗುವುದಿಲ್ಲ.

ಇಮೇಲ್ ಸೇವೆಗಳೂ ಶಾಶ್ವತವಲ್ಲ. ಟ್ವಿಟರ್ 2021ರಲ್ಲಿ ಕೊಂಡ ರೆವ್ಯೂ 2023ರ ಜನವರಿಯಲ್ಲಿ ಮುಚ್ಚಿತು. ಸಣ್ಣ ಬರಹಗಾರರ ಅಚ್ಚುಮೆಚ್ಚಿನ ಟೈನಿಲೆಟರ್ 2024ರ ಫೆಬ್ರವರಿ 29ಕ್ಕೆ ನಿಂತಿತು. ಆದರೆ ಅಲ್ಲಿಂದ ಹೊರಟವರು ವಿಳಾಸಗಳ ಕಡತವನ್ನು ಎತ್ತಿಕೊಂಡು ಬೇರೆ ಸೇವೆಗೆ ಹೋದರು, ಓದುಗರಿಗೆ ಮುಂದಿನ ಪತ್ರ ಎಂದಿನಂತೆ ಬಂತು. ಸುದ್ದಿಪತ್ರ ನಡೆಸಲು ಬಳಸುವ ಸಬ್‌ಸ್ಟ್ಯಾಕ್‌ನಂಥ ಕಡೆಯೂ ಈ ವ್ಯತ್ಯಾಸ ನೆನಪಿರಲಿ: ಇಮೇಲ್ ಕೊಟ್ಟು ಸೇರಿದ ಚಂದಾದಾರರನ್ನು ಎತ್ತಿಕೊಂಡು ಹೋಗಬಹುದು, ಆ್ಯಪ್ ಒಳಗೆ ಸುಮ್ಮನೆ ಹಿಂಬಾಲಿಸುವವರನ್ನು ಅಲ್ಲ.

ಆರ್‌ಎಸ್‌ಎಸ್ ಎಂಬ ಹಳೆಯ ಇಂಟರ್ನೆಟ್ ದಾರಿಯೂ ಇದೆ, 1999ರದು. ಓದುಗನೇ ಬಂದು ಹೊಸ ಸಂಚಿಕೆ ಎತ್ತಿಕೊಳ್ಳುವ ಏರ್ಪಾಡು. ನಡುವೆ ಯಾರೂ ವಿಂಗಡಿಸುವುದಿಲ್ಲ. 2013ರ ಜುಲೈಯಲ್ಲಿ ಅದನ್ನು ಓದಲು ಬಳಸುತ್ತಿದ್ದ ಗೂಗಲ್ ರೀಡರ್ ಮುಚ್ಚಿದಾಗ ಅದು ಸತ್ತಿತು ಎಂದರು. ಇಂದಿಗೂ ಪಾಡ್‌ಕಾಸ್ಟ್‌ಗಳು ಸಾಗುವುದು ಅದರ ಮೇಲೇ. ನಮ್ಮ ಓದುಗರಲ್ಲಿ ಬಳಸುವವರು ಹತ್ತು ಜನ ಇರಬಹುದು, ಆ ಹತ್ತು ಜನರಿಗಾಗಿ ಇಡಲು ಖರ್ಚೇನೂ ಇಲ್ಲ. ಸ್ವಂತ ಆ್ಯಪ್ ಬೇಡವೇ ಬೇಡ.

ಶನಿವಾರಸಂತೆಯ ಶುಂಠಿ · ಭಾನುವಾರ, ರಾತ್ರಿ 10.15

30 ದಿನದ ವಿಷಯ ನನಗೆ ಗೊತ್ತಿರಲಿಲ್ಲ. ಇಂದಿನ ಶುಂಠಿ ದರ ಮುಂದಿನ ತಿಂಗಳು ಯಾರಿಗೂ ಬೇಡ, ಹಾಗಾಗಿ ನನಗೆ ತೊಂದರೆಯಿಲ್ಲ. ಆದರೆ ಪುಸ್ತಕ ನನ್ನ ಖಾನೆಯಲ್ಲಿಲ್ಲ ಎಂಬುದು ಚುಚ್ಚುತ್ತಿದೆ. 2,300 ಜನರಲ್ಲಿ ಒಬ್ಬರ ಹೆಸರೂ ನನ್ನ ಬಳಿ ಇಲ್ಲ.

ಮಕ್ಕಂದೂರಿನ ಓದುಗ · ಸೋಮವಾರ, ಬೆಳಿಗ್ಗೆ 7.10

ಇಲ್ಲಿಯವರೆಗೆ ಓದುತ್ತಿದ್ದೆ, ಈಗ ಬರೆಯಲೇಬೇಕು ಎನಿಸಿತು.

2018ರ ಆಗಸ್ಟ್‌ನಲ್ಲಿ ನಮ್ಮ ತೋಟದ ಮೇಲಿನ ಬರೆ (ಗುಡ್ಡದ ಇಳಿಜಾರು) ಜಾರಿತು. ಮನೆ ನಿಂತಿತು, ಆದರೆ ಕೆಸರು ಒಳಗೆ ಸೊಂಟದವರೆಗೆ ಬಂದಿತ್ತು. ಅಪ್ಪ ಮಳೆ ಬರೆದಿಡುತ್ತಿದ್ದ ಡೈರಿ, ಜಾಗದ ಕಾಗದ, ನನ್ನ ಫೋನ್ ಎಲ್ಲ ಅದರೊಳಗೆ. ನಾವು ಉಟ್ಟ ಬಟ್ಟೆಯಲ್ಲಿ ಮಡಿಕೇರಿ ಸೇರಿ, ಅಲ್ಲಿಂದ ಮೈಸೂರಿನ ತಂಗಿಯ ಮನೆಗೆ ಹೋದೆವು. ಪರಿಹಾರದ ಅರ್ಜಿಗೆ ಬೆಂಬಲವಾಗಿ ಆ ವಾರಗಳ ಮಳೆಯ ವಿವರ ಏನಾದರೂ ಇದ್ದರೆ ಕೊಡಿ ಎಂದು ಕೇಳಿದರು. ಅಪ್ಪ ತಲೆ ತಗ್ಗಿಸಿ ಕುಳಿತರು. ನಲವತ್ತು ವರ್ಷ ಒಂದು ದಿನವೂ ತಪ್ಪದೆ ಬರೆದಿದ್ದ ಮನುಷ್ಯ.

ತಂಗಿಯ ಕಂಪ್ಯೂಟರಿನಲ್ಲಿ ನನ್ನ ಇಮೇಲ್ ತೆರೆದು ‘ಮಕ್ಕಂದೂರು’ ಎಂದು ಹುಡುಕಿದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಪತ್ರಗಳು ಒಂದರ ಕೆಳಗೊಂದು ಬಂದವು. ನಮ್ಮ ತೋಟದ ಸಾಲು ಪ್ರತಿಯೊಂದರಲ್ಲೂ ಇತ್ತು, ಏಕೆಂದರೆ ಆ ಲೆಕ್ಕ ಕಳುಹಿಸುತ್ತಿದ್ದವರು ಅಪ್ಪನೇ. ಪ್ರಿಂಟ್ ತೆಗೆದು ಅವರ ಕೈಗೆ ಕೊಟ್ಟೆ. ಬೆರಳಿಟ್ಟು ಒಂದೊಂದೇ ದಿನ ಓದಿದರು. ಕೊನೆಯ ಲೆಕ್ಕದ ಮೇಲೆ ಬೆರಳು ಬಹಳ ಹೊತ್ತು ನಿಂತಿತ್ತು.

ಅರ್ಜಿಗೆ ಅದರಿಂದ ಎಷ್ಟು ಉಪಯೋಗವಾಯಿತು ಎಂಬುದು ಬೇರೆ ಮಾತು. ಡೈರಿ ಹೋದರೂ ಲೆಕ್ಕ ಉಳಿದಿದೆ ಎಂಬುದು ಅವರನ್ನು ಮತ್ತೆ ತೋಟಕ್ಕೆ ಕರೆತಂದಿತು. ಚಾನೆಲ್ ಮಾಡಿ, ಏನು ಬೇಕಾದರೂ ಮಾಡಿ. ಇಮೇಲ್ ನಿಲ್ಲಿಸಬೇಡಿ.

ಮಾದಾಪುರದ ಮಳೆಲೆಕ್ಕ · ಬುಧವಾರ, ರಾತ್ರಿ 9.30

ಮಕ್ಕಂದೂರಿನವರೇ, ನಿಮ್ಮ ತಂದೆಯವರು ಇದನ್ನು ನನಗೆ ಹೇಳಿಯೇ ಇರಲಿಲ್ಲ. ಅಕ್ಟೋಬರ್‌ನಲ್ಲಿ ಮತ್ತೆ ಲೆಕ್ಕ ಕಳುಹಿಸಲು ಆರಂಭಿಸಿದರು, ಅಷ್ಟೇ ನನಗೆ ಗೊತ್ತಿದ್ದದ್ದು.

ಮೂರು ದಿನ ಕೂತು 63 ಓದುಗರಿಗೆ ಫೋನ್ ಮಾಡಿದೆ. 22 ಜನರಿಗೆ ಪತ್ರ ಸರಿಯಾಗಿ ಸಿಗುತ್ತಿದೆ. 26 ಜನರಿಗೆ ಪ್ರಚಾರದ ವಿಭಾಗದಲ್ಲೋ ಸ್ಪ್ಯಾಮ್‌ನಲ್ಲೋ ಬೀಳುತ್ತಿದೆ. ಫೋನಿನಲ್ಲೇ ಹೇಳಿಕೊಟ್ಟು ಮುಖ್ಯ ಪೆಟ್ಟಿಗೆಗೆ ಎಳೆಸಿ, ನನ್ನ ವಿಳಾಸವನ್ನು ಸಂಪರ್ಕಗಳಲ್ಲಿ ಉಳಿಸಿಕೊಳ್ಳುವಂತೆ ಮಾಡಿದೆ. 11 ಜನರ ವಿಳಾಸ ಶುಂಠಿಯವರು ಹೇಳಿದಂತೆ ಹಳೆಯ ಫೋನಿನ ಜೊತೆಗೇ ಹೋಗಿದೆ. ನಾಲ್ವರು ತೀರಿಕೊಂಡಿದ್ದಾರೆ. ಅವರ ಮನೆಯವರೊಡನೆ ಮಾತಾಡಿದ್ದು ನನಗೆ ಬಹಳ ಹೊತ್ತು ಕಾಡಿತು. ಒಬ್ಬರ ಮಗ, “ಅಪ್ಪನ ವಿಳಾಸ ತೆಗೆಯಬೇಡಿ, ನಾನು ಓದುತ್ತೇನೆ” ಎಂದ.

ತಂತಿಯವರು ಮಂಗಳವಾರ ಮಾದಾಪುರಕ್ಕೇ ಬಂದಿದ್ದರು. ಹೌದು, ಜಿಮೇಲ್ ವಿಳಾಸದಿಂದಲೇ ಸಗಟು ಸೇವೆಯ ಮೂಲಕ ಕಳುಹಿಸುತ್ತಿದ್ದೆ. ಡೊಮೇನ್ ಕೊಂಡು ಮೂರೂ ದಾಖಲೆ ಹಾಕಿಸಿದೆ. ಬಣ್ಣದ ಚೌಕಟ್ಟು, ಮೇಲ್ಭಾಗದ ಕಾಫಿ ಹೂವಿನ ಚಿತ್ರ ತೆಗೆದೆವು. ಪತ್ರ 148 ಕೆಬಿಯಿಂದ 41ಕ್ಕೆ ಇಳಿಯಿತು. ಚಂದಾ ನಿಲ್ಲಿಸುವ ಕೊಂಡಿ ಈಗ ಮೇಲುಗಡೆಯೇ ಇದೆ.

ಇಮೇಲ್ ಮುಂದುವರಿಯುತ್ತದೆ. ಮಳೆ ಮತ್ತು ದರ ಮಾತ್ರ ಚಾನೆಲ್‌ಗೆ ಹೋಗುತ್ತದೆ, ಪ್ರತಿದಿನ, ಪೂರ್ತಿ ಪಠ್ಯವಾಗಿ, ಕೊಂಡಿಯಿಲ್ಲದೆ. ಇಮೇಲ್ ಇಲ್ಲದವರಿಗೆ, ಮೊದಲು ಆ ಐವರು ರೈಟರ್‌ಗಳಿಗೆ, ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ ಮಾಡುತ್ತೇನೆ. ಒಂದು ಪಟ್ಟಿಗೆ 256 ಜನ, ಅದೂ ನನ್ನ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ ಎಂಬ ಕಟ್ಟುಪಾಡು ನನಗೆ ಅನುಕೂಲವೇ ಆಯಿತು. ಬೇಕು ಎಂದವರಿಗಷ್ಟೇ ಹೋಗುತ್ತದೆ, ಅವರ ಉತ್ತರ ನನಗೊಬ್ಬನಿಗೇ ಬರುತ್ತದೆ. ರೇಷನ್ ಅಂಗಡಿಯ ಕಟ್ಟೆಯ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ: ಹೆಸರು, ಊರು, ಫೋನ್, ಏನು ಬೇಕು, ಸಹಿ. ವೈಯಕ್ತಿಕ ದತ್ತಾಂಶದ ಬಗ್ಗೆ 2023ರಲ್ಲಿ ಕಾಯ್ದೆ ಬಂದಿದೆ, ಒಪ್ಪಿಗೆ ಬರಹದಲ್ಲಿರಲಿ ಎಂದು ತಂತಿಯವರು ಹೇಳಿದರು. ಮೊದಲ ದಿನ 17 ಹೆಸರು ಬಂತು. ನೋಟ್‌ಬುಕ್ ರಾತ್ರಿ ನನ್ನ ಖಾನೆಯಲ್ಲಿರುತ್ತದೆ, ಅಂಚೆ ಸರ್.

ಹಣತೆ ಅವರೇ, ಹಿರಿಯರು ಹೇಳಿದ ತೋಟದ ಸಂಗತಿಯನ್ನು ಚಾನೆಲ್‌ಗೆ ಹಾಕುವುದಿಲ್ಲ. ಅದು ಪತ್ರದಲ್ಲೇ ಇರುತ್ತದೆ.

ಶನಿವಾರಸಂತೆಯ ಶುಂಠಿ · ಗುರುವಾರ, ಬೆಳಿಗ್ಗೆ 6.55

ನಾನೂ ಇವತ್ತು ಗೊಬ್ಬರದ ಅಂಗಡಿಯಲ್ಲಿ ನೋಟ್‌ಬುಕ್ ಇಡುತ್ತಿದ್ದೇನೆ. ನಿಮ್ಮ ನೋಟ್‌ಬುಕ್ಕಿನ ಒಂದು ಪುಟದ ಗೆರೆಗಳನ್ನು ಫೋಟೋ ತೆಗೆದು ಕಳುಹಿಸುತ್ತೀರಾ ಅಣ್ಣಾ? ಹೆಸರುಗಳು ಬೇಡ, ತಲೆಬರಹ ಸಾಕು.

ಭಾಗಮಂಡಲದ ಜೇನು · ಗುರುವಾರ, ಮಧ್ಯಾಹ್ನ 12.40

ಬಂಡೆಯ ಮೇಲಿನಿಂದ ಬರೆಯುತ್ತಿದ್ದೇನೆ. ಹನ್ನೆರಡನೇ ಮಳೆಮಾಪಕಕ್ಕೆ ಜಾಗವಿದ್ದರೆ ನಮ್ಮ ಮನೆಯಲ್ಲೊಂದಿದೆ, ಅಂಗಳದ ನಡುವೆ, ಮರದ ನೆರಳಿಲ್ಲದ ಕಡೆ. ಇಂದು ಬೆಳಿಗ್ಗೆ ಎಂಟಕ್ಕೆ 5 ಇಂಚು 15 ಸೆಂಟ್. ಕರೆಂಟ್ ಇಲ್ಲ, ನಾಳೆಯ ಲೆಕ್ಕ ನಾಳೆ ಇದೇ ಹೊತ್ತಿಗೆ ಕಳುಹಿಸುತ್ತೇನೆ.